ಹಾಡಿಗೆ ಬದುಕಿನಿಂದ ಎಷ್ಟು, ಕಲ್ಪನೆಯಿಂದ ಎಷ್ಟು? ಹಾಡು ಬರೆಯುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಾನು ಬರೆದ ಮೊದಲ ಹಾಡು ನೂರಕ್ಕೆ ನೂರು ನಿಜ. ಊರು ಬಿಟ್ಟು ಬೆಂಗಳೂರಿಗೆ ಬಂದ ಮೊದಲ ತಿಂಗಳು ಪಿಜಿಯ ಮಂಚದ ಮೇಲೆ ಕೂತು, ಕಣ್ಣಲ್ಲಿ ನೀರು ತುಂಬಿಕೊಂಡು ಬರೆದಿದ್ದು. ‘ಮನದ ಮೂಲೆಯಲ್ಲಿ ನಿನ್ನ ನೆನಪು, ಕಣ್ಣ ಹನಿಯಲ್ಲಿ ಊರ ಕನಸು’ ಅಂತ ಶುರುವಾಗುತ್ತಿತ್ತು. ಗೆಳೆಯನಿಗೆ ಹಾಡಿ ತೋರಿಸಿದೆ. ಪೂರ್ತಿ ಕೇಳಿಸಿಕೊಂಡು ಅವನು ಕೇಳಿದ್ದು ಒಂದೇ ಮಾತು: ‘ಚೆನ್ನಾಗಿದೆ ಕಣೋ, ಆದರೆ ಇದು ಯಾರ ಊರು?’

ಅದಾಗಿ ಎಷ್ಟೋ ವರ್ಷದ ಮೇಲೆ ಹೂ ಮಾರುವ ಹೆಂಗಸಿನ ದನಿಯಲ್ಲಿ ಒಂದು ಹಾಡು ಬರೆದೆ. ನಾನು ಒಂದು ದಿನವೂ ಹೂ ಮಾರಿದವನಲ್ಲ. ನನಗೆ ಹೂ ಕಟ್ಟಲೂ ಬರುವುದಿಲ್ಲ. ಆ ಹಾಡು ಕೇಳಿದ ಒಬ್ಬರು ಆಮೇಲೆ ಹತ್ತಿರ ಬಂದು, ಮೆಲ್ಲಗೆ, ‘ನಿಮ್ಮ ತಾಯಿ ಹೂ ಮಾರುತ್ತಿದ್ದರಾ?’ ಅಂತ ಕೇಳಿದರು.

ನಿಜವಾಗಿ ಆಗಿದ್ದು ಯಾರದ್ದೋ ಅನ್ನಿಸಿತು. ಆಗದೇ ಇದ್ದಿದ್ದು ನನ್ನದೇ ಅನ್ನಿಸಿತು. ಇದು ಯಾಕೆ ಹೀಗೆ ಅಂತ ತುಂಬ ದಿನ ತಲೆ ಕೆಡಿಸಿಕೊಂಡಿದ್ದೇನೆ. ಹೊಸದಾಗಿ ಹಾಡು ಬರೆಯುವವರು ನನ್ನನ್ನು ಜಾಸ್ತಿ ಕೇಳುವುದೂ ಇದನ್ನೇ. ‘ನನ್ನ ಜೀವನದಲ್ಲಿ ಅಂಥದ್ದೇನೂ ಆಗಿಲ್ಲ, ನಾನು ಏನು ಬರೆಯಲಿ?’ ಅನ್ನುವವರು ಒಂದು ಕಡೆ. ‘ನನಗೆ ಆಗದೇ ಇದ್ದದ್ದನ್ನು ಬರೆದರೆ ಸುಳ್ಳಾಗಲ್ವಾ?’ ಅನ್ನುವವರು ಇನ್ನೊಂದು ಕಡೆ. ಇಬ್ಬರಿಗೂ ನನ್ನ ಉತ್ತರ ಒಂದೇ. ಕತೆ ಎಲ್ಲಿಂದ ಬೇಕಾದರೂ ಬರಲಿ, ವಿವರ ಮಾತ್ರ ಯಾರದ್ದಾದರೂ ನಿಜವಾದ ಬದುಕಿನಿಂದ ಬರಬೇಕು. ಮೊದಲು ನಿಮ್ಮದು, ಆಮೇಲೆ ನೀವು ಹತ್ತಿರದಿಂದ ನೋಡಿದವರದು. ಇದನ್ನು ಮಾಡುವುದು ಹೇಗೆ ಅಂತ ನಾನು ಮಾಡುವ ಕ್ರಮದಲ್ಲೇ ಹೇಳುತ್ತಾ ಹೋಗುತ್ತೇನೆ.

ಹಂತ 1: ಹದಿನೈದು ದಿನ ಹಾಡು ಬರೆಯಬೇಡಿ

ಒಂದು ಚಿಕ್ಕ ನೋಟ್‌ಬುಕ್ ತಗೊಳ್ಳಿ. ಫೋನಾದರೂ ಆಗುತ್ತೆ, ಆದರೆ ಫೋನಲ್ಲಿ ಬರೆದದ್ದನ್ನು ನಾವು ತಿರುಗಿ ಓದುವುದು ಕಮ್ಮಿ. ದಿನಕ್ಕೆ ಐದು ಸಾಲು. ನಿಯಮ ಒಂದೇ: ನೋವು, ಪ್ರೀತಿ, ನೆನಪು, ಕನಸು, ಮನಸು, ಒಂಟಿತನ, ಬದುಕು ಅನ್ನುವ ಪದಗಳು ಬರಕೂಡದು. ನೋಡಿದ್ದು, ಕೇಳಿಸಿಕೊಂಡಿದ್ದು, ಮುಟ್ಟಿದ್ದು, ಮೂಗಿಗೆ ಬಂದಿದ್ದು ಇಷ್ಟನ್ನೇ ಬರೆಯಬೇಕು.

ನನ್ನ ಹಳೆಯ ಪುಸ್ತಕದಿಂದ ಕೆಲವು ಸಾಲು ಕೊಡುತ್ತೇನೆ.

‘ಕಂಡಕ್ಟರ್ ಚಿಲ್ಲರೆ ಇಲ್ಲ ಅಂತ ಟಿಕೆಟ್ ಹಿಂದೆ 7 ಅಂತ ಬರೆದುಕೊಟ್ಟರು. ಇಳಿಯುವಾಗ ಮರೆತೆ.’
‘ಅಜ್ಜಿ ಕನ್ನಡಕವನ್ನು ಹಣೆ ಮೇಲೆ ಇಟ್ಟುಕೊಂಡೇ ಮನೆಯೆಲ್ಲ ಹುಡುಕಿದರು.’
‘ಸಾವಿನ ಮನೆ. ಅಂಗಳದಲ್ಲಿ ನಲವತ್ತು ಜೊತೆ ಚಪ್ಪಲಿ. ಯಾವುದೂ ಸಾಲಾಗಿ ಇರಲಿಲ್ಲ.’
‘ಪಕ್ಕದ ಮನೆಯವರು ಖಾಲಿ ಮಾಡಿ ಹೋದರು. ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದ ಜಾಗ ಮಾತ್ರ ಬೆಳ್ಳಗೆ.’

ಇದರಲ್ಲಿ ಯಾವುದೂ ದೊಡ್ಡ ಘಟನೆ ಅಲ್ಲ ನೋಡಿ. ಆದರೂ ಟಿಕೆಟ್ ಹಿಂದೆ ಬರೆದ ಆ ಏಳು ರೂಪಾಯಿಯಲ್ಲಿ ಒಂದು ಹಾಡಿದೆ, ಯಾರೋ ನಮಗೆ ಕೊಡಬೇಕಾದ್ದು, ನಾವು ಕೇಳದೇ ಇಳಿದುಬಿಟ್ಟಿದ್ದು, ಆಮೇಲೆ ಬಸ್ಸು ಹೋದ ಮೇಲೆ ಜೇಬಲ್ಲಿ ಚೀಟಿ ಸಿಗುವುದು. ‘ನನ್ನ ಬದುಕಿನಲ್ಲಿ ಏನೂ ಆಗಿಲ್ಲ’ ಅನ್ನುವವರು ಹದಿನೈದು ದಿನ ಇದನ್ನು ಮಾಡಿ ನೋಡಿ. ಎಪ್ಪತ್ತೈದು ಸಾಲು ಕೈಯಲ್ಲಿರುತ್ತೆ. ಅದರಲ್ಲಿ ಮೂರು ಸಾಲು ನಿಮ್ಮನ್ನು ಬಿಡದೇ ಕಾಡಿದರೆ ಸಾಕು.

ಹಂತ 2: ಒಂದು ಘಟನೆ ಹಿಡಿಯಿರಿ, ಅದರೊಳಗೆ ಒಂದು ವಸ್ತು ಹಿಡಿಯಿರಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಇಲ್ಲಿ ಅವಸರ ಮಾಡಬೇಡಿ.

ಆ ಮೊದಲ ಹಾಡಿಗೇ ವಾಪಸ್ ಹೋಗೋಣ. ನಾನು ಊರು ಬಿಟ್ಟೆ, ಅಮ್ಮ ನೆನಪಾಗುತ್ತಾರೆ, ಇದು ವಿಷಯ. ಲಕ್ಷಾಂತರ ಜನರ ವಿಷಯ. ಇದರಲ್ಲಿ ನನ್ನದು ಮಾತ್ರ ಅನ್ನುವಂಥದ್ದು ಏನಿತ್ತು ಅಂತ ಗೆಳೆಯನ ಪ್ರಶ್ನೆ ಆದ ಮೇಲೆ ಯೋಚಿಸಿದೆ. ನಮ್ಮದು ಸಾಗರದ ಕಡೆ. ಅವತ್ತು ರಾತ್ರಿ ಬಸ್ಸಿಗೆ ಹೊರಟಾಗ ಅಮ್ಮ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ, ಪೇಪರ್ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ ಬ್ಯಾಗಿನ ತಳಕ್ಕೆ ಇಟ್ಟಿದ್ದರು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಅಪ್ಪೆಮಿಡಿ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಅದಕ್ಕೆ ಎಣ್ಣೆ ಹಾಕುವುದಿಲ್ಲ, ಉಪ್ಪುನೀರಲ್ಲಿ ಸಾಸಿವೆ ಮೆಣಸಿನಪುಡಿ ಕದಡಿ ಮಿಡಿ ಮುಳುಗಿಸಿಡುವುದು, ಅದರ ಸೊನೆಯ ಪರಿಮಳ ಒಂದು ಸಲ ಬಟ್ಟೆಗೆ ಹತ್ತಿದರೆ ಮುಗಿಯಿತು. ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಬ್ಯಾಗ್ ತೆಗೆದರೆ ಅರ್ಧ ರಸ ನನ್ನ ಬಿಳಿ ಅಂಗಿಯ ಮೇಲಿತ್ತು. ಅದು ಇಂಟರ್‌ವ್ಯೂಗೆ ಅಂತ ಹೊಲಿಸಿದ ಅಂಗಿ. ಅವತ್ತು ನನಗೆ ಸಿಟ್ಟು ಬಂದಿತ್ತು. ಫೋನ್ ಮಾಡಿ ಅಮ್ಮನಿಗೆ ಬೈದಿದ್ದೆ.

ಇಷ್ಟೆಲ್ಲ ಇದ್ದೂ ನಾನು ಬರೆದದ್ದು ‘ಮನದ ಮೂಲೆಯಲ್ಲಿ ನಿನ್ನ ನೆನಪು’!

ನೀವು ಮಾಡಬೇಕಾದ್ದು ಇಷ್ಟು. ಒಂದು ಘಟನೆ ಆರಿಸಿ. ಅದರ ಬಗ್ಗೆ ಒಂದು ಪುಟ ಸುಮ್ನೆ ಗದ್ಯದಲ್ಲಿ ಬರೆಯಿರಿ, ಮೇಲೆ ನಾನು ಹೇಳಿದ ಹಾಗೆ, ಯಾರಿಗೋ ಎದುರು ಕೂತು ಹೇಳುವ ಹಾಗೆ. ಆಮೇಲೆ ಅದರಲ್ಲಿ ಕೈಗೆ ಸಿಗುವ ವಸ್ತುಗಳ ಕೆಳಗೆ ಗೆರೆ ಎಳೆಯಿರಿ. ನನ್ನದರಲ್ಲಿ ಬಾಟಲಿ, ಮುಚ್ಚಳ, ಪೇಪರ್, ಮಿಡಿ, ರಸ, ಅಂಗಿ ಇವೆ. ಇವುಗಳಲ್ಲಿ ಯಾವುದು ಇಡೀ ಘಟನೆಯನ್ನು ಹೊರಬಲ್ಲದು ಅಂತ ನೋಡಿ. ಮುಚ್ಚಳವೂ ಆಗಬಹುದಿತ್ತು. ನಾನು ಅಂಗಿಯ ಕಲೆ ಆರಿಸಿಕೊಂಡೆ, ಯಾಕೆಂದರೆ ಅಮ್ಮ ಕೊಟ್ಟಿದ್ದೂ ಅದರಲ್ಲಿದೆ, ನಾನು ಬೈದಿದ್ದೂ ಅದರಲ್ಲಿದೆ.

ದೊಡ್ಡವರ ಹಾಡುಗಳನ್ನು ಈ ಕಣ್ಣಿನಿಂದ ಒಮ್ಮೆ ನೋಡಿ. ಶಿಶುನಾಳ ಶರೀಫರು ಅಜ್ಞಾನದ ಬಗ್ಗೆ ಹೇಳಬೇಕಾದಾಗ ಸೋರುವ ಮಾಳಿಗೆಯನ್ನು ಹಿಡಿದರು. ಮಣ್ಣಿನ ಮಾಳಿಗೆಯ ಕೆಳಗೆ ಮಳೆಗಾಲ ಕಳೆದವರಿಗೆ, ನಿದ್ದೆಯಲ್ಲಿ ಎದ್ದು ಹಾಸಿಗೆ ಎಳೆದು ಪಾತ್ರೆ ಇಟ್ಟವರಿಗೆ, ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಂದ್ರೆಯವರು ಮಗುವನ್ನು ಕಳೆದುಕೊಳ್ಳುವ ದುಃಖದಲ್ಲಿ ಬರೆದ ‘ನೀ ಹೀಂಗ ನೋಡಬ್ಯಾಡ ನನ್ನ’ ನಿಂತಿರುವುದು ಹೆಂಡತಿಯ ಒಂದು ನೋಟದ ಮೇಲೆ. ಅಷ್ಟು ದೊಡ್ಡ ದುಃಖಕ್ಕೆ ಅವರು ಕಣ್ಣಿನಷ್ಟು ಜಾಗ ಮಾತ್ರ ಕೊಟ್ಟರು. ಬೇಂದ್ರೆಯವರದ್ದು ಸ್ವಂತ ಅನುಭವ. ಶರೀಫರದ್ದು ಕಂಡದ್ದರ ಮೇಲೆ ಕಟ್ಟಿದ ಇನ್ನೊಂದು ಅರ್ಥ. ದಾರಿ ಬೇರೆ, ಹಿಡಿದದ್ದು ಮಾತ್ರ ಇಬ್ಬರೂ ಒಂದೊಂದೇ ವಸ್ತುವನ್ನು.

ಹಂತ 3: ಬಿಸಿ ಇರುವಾಗ ವಿವರ, ಆರಿದ ಮೇಲೆ ಹಾಡು

ಮನಸ್ಸು ಕಲಕಿದಾಗ ಹಾಡು ಬರೆಯಲು ಕೂರಬೇಡಿ. ವಿವರ ಮಾತ್ರ ಬರೆದಿಡಿ. ಆ ಹೊತ್ತಿಗೆ ನಮ್ಮ ಕೈಗೆ ಬರುವುದು ಯಾರೋ ಮೊದಲೇ ಹಾಡಿಟ್ಟ ಪದಗಳು, ಅವೇ ಹತ್ತಿರ ಇರುತ್ತವೆ. ಹದಿನೈದು ದಿನವೋ, ಎರಡು ವರ್ಷವೋ ಆದ ಮೇಲೆ, ಆ ಪುಟ ಓದಿದಾಗ ನಿಮಗೆ ನಿಮ್ಮ ಮೇಲೆ ಮಾತ್ರವಲ್ಲದೆ ಎದುರಿಗಿದ್ದವರ ಮೇಲೂ ಕಣ್ಣು ಹೋದರೆ, ಆಗ ಹಾಡಿಗೆ ಹೊತ್ತಾಯಿತು ಅಂತ. ನನಗೆ ಅಂಗಿಯ ಹಾಡು ಬರೆಯಲು ಹನ್ನೊಂದು ವರ್ಷ ಬೇಕಾಯಿತು. ನಿಮಗೆ ಅಷ್ಟು ಬೇಡ ಬಿಡಿ.

ಹಂತ 4: ಹಾಡಿನೊಳಗಿನ ‘ನಾನು’ ಯಾರು ಅಂತ ತೀರ್ಮಾನಿಸಿ

ಇಲ್ಲಿಂದ ಕಲ್ಪನೆಯ ಕೆಲಸ ಶುರು. ಹಾಡಿನಲ್ಲಿ ‘ನಾನು’ ಅನ್ನುವವನು ನೀವೇ ಆಗಿರಬೇಕು ಅಂತೇನೂ ಇಲ್ಲ.

ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಪುಸ್ತಕದ ರತ್ನನನ್ನು ತಗೊಳ್ಳಿ. ರತ್ನ ಹೆಂಡಗುಡುಕ. ರಾಜರತ್ನಂ ಕನ್ನಡ ಮೇಷ್ಟ್ರು, ಹೆಂಡ ಮುಟ್ಟಿದವರಲ್ಲ. ಆದರೂ ಆ ಪದಗಳನ್ನು ಓದುವಾಗ ಯಾರಿಗೂ ‘ಇದು ಸುಳ್ಳು’ ಅನ್ನಿಸುವುದಿಲ್ಲ. ಯಾಕೆ? ನನಗೆ ತೋಚಿದ್ದು ಹೇಳುತ್ತೇನೆ. ಕುಡಿತ ಕಲ್ಪನೆಯದು, ಆದರೆ ರತ್ನನಿಗೆ ಕನ್ನಡದ ಮೇಲೆ ಇರುವ ಹುಚ್ಚು ಪ್ರೀತಿ ಇದೆಯಲ್ಲ, ಅದು ರಾಜರತ್ನಂ ಅವರ ಸ್ವಂತದ್ದು. ಅದನ್ನು ತಮ್ಮ ಬಾಯಲ್ಲೇ ಹೇಳಿದ್ದರೆ ಭಾಷಣ ಆಗುತ್ತಿತ್ತು. ರತ್ನನ ಬಾಯಲ್ಲಿ, ಅವನ ಆಡುಮಾತಲ್ಲಿ ಹೇಳಿಸಿದ್ದಕ್ಕೆ ಅದು ಪದ ಆಯಿತು. ಬೇರೆಯವರ ದನಿಯಲ್ಲಿ ಬರೆಯುವಾಗ ಈ ಒಂದು ಸೂತ್ರ ಇಟ್ಟುಕೊಳ್ಳಿ: ವೇಷ ಅವರದ್ದಿರಲಿ, ಅದರೊಳಗೆ ನಿಮ್ಮದೇ ಒಂದು ನಿಜವಾದ ಹಂಬಲ ಇರಲಿ.

ಈಗ ಅಭ್ಯಾಸ. ನೀವು ಆರಿಸಿದ ವಸ್ತುವಿನ ಬಗ್ಗೆ ಮೂರು ದನಿಯಲ್ಲಿ ನಾಲ್ಕು ನಾಲ್ಕು ಸಾಲು ಬರೆಯಿರಿ. ಒಂದು, ನಿಮ್ಮ ದನಿ. ಎರಡು, ಎದುರಿಗಿದ್ದವರ ದನಿ. ಮೂರು, ಅದನ್ನು ದೂರದಿಂದ ನೋಡಿದ ಯಾರದ್ದೋ ದನಿ. ನನ್ನ ವಿಷಯದಲ್ಲಿ ಮೂರನೆಯದು ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಆ ವಾಸನೆಗೆ ರಾತ್ರಿಯಿಡೀ ಮೂಗು ಮುಚ್ಚಿಕೊಂಡವನದ್ದು. ಅದು ಹಾಡಾಗಲಿಲ್ಲ. ಆದರೆ ಅಮ್ಮನ ದನಿಯಲ್ಲಿ ಬರೆಯಲು ಹೋದಾಗ ಒಂದು ಪ್ರಶ್ನೆ ಎದ್ದಿತು. ಬಸ್ಸು ಹೋದ ಮೇಲೆ ಅಮ್ಮ ಏನು ಮಾಡಿದರು? ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನನ್ನ ಅನುಭವ ಬಸ್ಸಿನ ಕಿಟಕಿಗೆ ಮುಗಿದುಹೋಗಿತ್ತು. ಆಚೆಗಿನದ್ದು ಕಲ್ಪನೆಯೇ ಮಾಡಬೇಕಿತ್ತು.

ಹಂತ 5: ಗೊತ್ತಿಲ್ಲದ ಬದುಕಿನ ಬಗ್ಗೆ ಬರೆಯಬೇಕಾದರೆ

ಕಲ್ಪನೆ ಅಂದರೆ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನನ್ನ ಅನುಭವದಲ್ಲಿ ಅದಕ್ಕೆ ಕಣ್ಣು ಇನ್ನೂ ಜಾಸ್ತಿ ಬಿಡಬೇಕು.

ಹೂವಿನ ಹಾಡನ್ನೇ ತಗೊಳ್ಳಿ. ಮೊದಲ ಪ್ರತಿ ನಾನು ಮನೆಯಲ್ಲಿ ಕೂತು ಬರೆದೆ. ಮಲ್ಲಿಗೆ, ಕಂಪು, ಬಾಡುವುದು, ಬದುಕೂ ಹೂವಿನ ಹಾಗೆ ಅಂತೆಲ್ಲ ಬಂದಿತ್ತು. ಕೆಟ್ಟದಾಗಿತ್ತು. ಆಮೇಲೆ ಗಾಂಧಿಬಜಾರಿನಲ್ಲಿ ಹೂ ಮಾರುವ ಒಬ್ಬರ ಹತ್ತಿರ ಹೋಗಿ, ಎರಡು ಮೊಳ ಹೂ ತಗೊಂಡು, ಇಲ್ಲೇ ಸ್ವಲ್ಪ ಹೊತ್ತು ಕೂರಲಾ ಅಮ್ಮ ಅಂತ ಕೇಳಿದೆ. ಕೂರಪ್ಪ ಅಂದರು. ಒಂದೂವರೆ ಗಂಟೆ ಕೂತೆ. ಮಾತಾಡಿದ್ದಕ್ಕಿಂತ ನೋಡಿದ್ದೇ ಜಾಸ್ತಿ.

ಅಲ್ಲಿ ಕಂಡದ್ದರಲ್ಲಿ ಒಂದೂ ನನ್ನ ಮೊದಲ ಪ್ರತಿಯಲ್ಲಿ ಇರಲಿಲ್ಲ. ಒದ್ದೆ ಬಟ್ಟೆಯ ಕೆಳಗೆ ಹೂವು, ಮೇಲೆ ಆಗಾಗ ನೀರು ಚಿಮುಕಿಸುವ ಬೆರಳು. ದಾರ ಎಳೆದೂ ಎಳೆದೂ ತೋರುಬೆರಳಿನ ಪಕ್ಕದಲ್ಲಿ ಬಿದ್ದ ಗೀರು. ಮೊಣಕೈಯಿಂದ ಬೆರಳ ತುದಿಗೆ ಅಳೆದು ಕೊಡುವ ಮೊಳ. ಮತ್ತು ಆ ಒಂದೂವರೆ ಗಂಟೆಯಲ್ಲಿ ಮೂರು ಜನ ಹೇಳಿದ ಒಂದೇ ಮಾತು, ‘ನಿಮ್ಮ ಮೊಳ ಚಿಕ್ಕದು, ಆ ಕಡೆಯವರ ಮೊಳ ಉದ್ದ.’ ಅವರು ಕುಳ್ಳಗಿನ ಹೆಂಗಸು. ಕೈಯೂ ಚಿಕ್ಕದೇ. ಮೂರನೆಯ ಸಲ ಅವರು ಏನೂ ಹೇಳಲಿಲ್ಲ, ತಮ್ಮ ಕೈಯನ್ನೊಮ್ಮೆ ನೋಡಿಕೊಂಡರು. ಹಾಡು ಅಲ್ಲೇ ಹುಟ್ಟಿತು.

ನನ್ನ ಮೊಳವೆ ಚಿಕ್ಕದಂತೆ
ನನ್ನ ಕೈಯೆ ಚಿಕ್ಕದು
ಹೂವ ಕೊಳ್ಳ ಬಂದ ನಿನಗೆ
ಬೆರಳು ಏಕೆ ಕಾಣದು

ಈ ಮಾತನ್ನು ಅವರು ಆಡಿರಲಿಲ್ಲ. ಅದು ನನ್ನ ಕಲ್ಪನೆ. ಆದರೆ ಮೊಳ, ಕೈ, ಬೆರಳು ಅವರದ್ದು. ಇನ್ನೂ ಒಂದು ನಿಜ ಹೇಳಬೇಕು. ಅಳೆಯುವಾಗ ನೀನು ಕಮ್ಮಿ ಅನ್ನಿಸಿಕೊಳ್ಳುವ ಉರಿ ಇದೆಯಲ್ಲ, ಅದು ನನಗೆ ಗೊತ್ತಿತ್ತು. ಕೆಲಸ ಹುಡುಕುತ್ತಾ ತಿರುಗಿದ ಆರು ತಿಂಗಳು ಅದನ್ನೇ ಉಂಡಿದ್ದೆ. ಕೇಳಿದವರಿಗೆ ತಟ್ಟಿದ್ದು ಅದೇ ಇರಬೇಕು.

ನಮ್ಮ ಜನಪದರು ಇದನ್ನು ಎಷ್ಟೋ ಮೊದಲೇ ಮಾಡಿಟ್ಟಿದ್ದಾರೆ. ‘ಕೆರೆಗೆ ಹಾರ’ದ ಭಾಗೀರಥಿ ಒಬ್ಬಳೇ ನೀರಿಗೆ ಬಲಿಯಾಗುತ್ತಾಳೆ. ಅವಳ ಕೊನೆಯ ಗಳಿಗೆಯನ್ನು ನೋಡಿದವರು ಯಾರೂ ಇಲ್ಲ, ಅವಳು ಬಂದು ಹೇಳುವ ಹಾಗೂ ಇಲ್ಲ. ಹಾಡಿನಲ್ಲಿ ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ನಡು. ಅದನ್ನು ಹಾಡುತ್ತಾ ಬಂದ ಹೆಂಗಸರಿಗೆ ಕೆರೆಯ ಮೆಟ್ಟಿಲು ಇಳಿಯುವುದು ದಿನದ ಕೆಲಸ. ನೀರು ಪಾದಕ್ಕೆ ತಾಕಿದಾಗ ಹೇಗಿರುತ್ತೆ ಅಂತ ಅವರ ಮೈಗೆ ಗೊತ್ತು. ಆ ಗೊತ್ತಿರುವ ಪಾದದಿಂದಲೇ ಅವರ ಹಾಡು ಗೊತ್ತಿಲ್ಲದ ಸಾವಿನವರೆಗೆ ನಡೆದುಹೋಗುತ್ತೆ.

ಹಾಗಾಗಿ ನೀವೂ ಹೀಗೆ ಮಾಡಿ. ಬರೆಯಬೇಕಾದವರ ಕೆಲಸದ ಜಾಗಕ್ಕೆ ಒಂದು ಸಲವಾದರೂ ಹೋಗಿ. ಅವರ ಕೈ ಏನು ಮಾಡುತ್ತೆ ನೋಡಿ. ಅವರು ಬಳಸುವ ಪದಗಳನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ. ‘ನಿಮಗೆ ಬೇಜಾರಾಗುತ್ತಾ’ ಅಂತ ಕೇಳಬೇಡಿ, ‘ಮಳೆ ಬಂದರೆ ಏನು ಮಾಡ್ತೀರಿ’ ಅಂತ ಕೇಳಿ. ಆಮೇಲೆ ಅವರ ಬದುಕಿನಲ್ಲಿ ನಿಮ್ಮ ಬದುಕಿಗೆ ತಾಗುವ ಒಂದು ಜಾಗ ಹುಡುಕಿ. ಆ ಜಾಗ ಸಿಗದಿದ್ದರೆ ಆ ಹಾಡು ಬಿಟ್ಟುಬಿಡಿ, ನಿಜವಾಗಿ ಹೇಳುತ್ತೇನೆ. ದೂರದಿಂದ ಅಯ್ಯೋ ಪಾಪ ಅನ್ನುವ ಹಾಡು ಯಾರಿಗೂ ಬೇಡ.

ಹಂತ 6: ಸಾಲಿಗೆ ಕೂರಿಸುವುದು

ವಿವರ ಇದೆ, ದನಿ ಇದೆ, ಈಗ ಲಯ. ಹಳೆಗನ್ನಡದ ಛಂದಸ್ಸೆಲ್ಲ ಓದಬೇಕಾಗಿಲ್ಲ, ಮಾತ್ರೆ ಎಣಿಸಲು ಬಂದರೆ ಸಾಕು. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ. ದೀರ್ಘ ಅಕ್ಷರಕ್ಕೆ ಎರಡು. ಸೊನ್ನೆ ಇರುವ ಅಕ್ಷರಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಮೂರು ಮೂರು, ನಾಲ್ಕು ನಾಲ್ಕು, ಐದೈದು ಮಾತ್ರೆಗಳ ಗುಂಪು ಮಾಡಿಕೊಂಡರೆ ಹಾಡು ತಾನಾಗಿ ನಡೆಯುತ್ತೆ. ಮೇಲಿನ ಹೂವಿನ ಹಾಡು ಮೂರರ ನಡೆ: ನನ್ನ, ಮೊಳವೆ, ಚಿಕ್ಕ, ದಂತೆ. ಕುಣಿಸುವ ನಡೆ ಅದು, ಮಾತಿಗೆ ಮಾತು ಕೊಡುವವರಿಗೆ ಒಪ್ಪುತ್ತೆ. ಅಂಗಿಯ ಹಾಡಿಗೆ ಸ್ವಲ್ಪ ನಿಧಾನ ಬೇಕಿತ್ತು, ನಾಲ್ಕು ಹಿಡಿದೆ.

ಮೊದಲು ಮನಸ್ಸಿಗೆ ಬಂದ ಸಾಲು ‘ಎಷ್ಟು ಒಗೆದರೂ ಅಂಗಿಯ ಮೇಲಿನ ಕಲೆ ಹೋಗುತ್ತಿಲ್ಲ’. ಇದು ಮಾತು. ಮಾತಿನ ಹಾಗಿದ್ದದ್ದು ಒಳ್ಳೆಯದೇ, ಆದರೆ ನಿಲ್ಲುವ ಜಾಗ ಇಲ್ಲ. ‘ಎಷ್ಟು’ ತೆಗೆದೆ, ‘ಮೇಲಿನ’ ತೆಗೆದೆ. ‘ಒಗೆದರೂ’ ಅಂದರೆ ಐದು ಮಾತ್ರೆ, ‘ಒಗೆದರು’ ಅಂದರೆ ನಾಲ್ಕು. ಬರೆದದ್ದನ್ನು ಓದಿದವರಿಗೆ ‘ಯಾರೋ ಒಗೆದರು’ ಅನ್ನಿಸಬಹುದು ಅಂತ ಅಳುಕಿತು, ಆದರೆ ಪಕ್ಕದಲ್ಲೇ ‘ಹೋಗದು’ ಇರುವುದರಿಂದ ಹಾಡುವಾಗ ಗೊಂದಲ ಆಗುವುದಿಲ್ಲ. ಹೀಗಾಯಿತು ಪಲ್ಲವಿ:

ಒಗೆದರು ಹೋಗದು ಅಂಗಿಯ ಕಲೆಯು
ಒಗೆಯಲು ನನಗೂ ಮನಸೇ ಇಲ್ಲ

ಒಗೆದರು, ಹೋಗದು, ಅಂಗಿಯ, ಕಲೆಯು. ನಾಲ್ಕು, ನಾಲ್ಕು, ನಾಲ್ಕು, ಮೂರು. ಕೊನೆಯ ಮೂರು ಎಳೆದು ಹಾಡಿದರೆ ನಾಲ್ಕಾಗುತ್ತೆ, ಉಸಿರಿಗೂ ಜಾಗ ಸಿಗುತ್ತೆ. ಎರಡನೆಯ ಸಾಲಿನಲ್ಲಿ ‘ಮನಸು’ ಬಂದಿದೆ ಅಂತ ನೀವು ಹಿಡಿಯಬಹುದು. ಹದಿನೈದು ದಿನದ ನಿಯಮ ನೋಟ್‌ಬುಕ್ಕಿಗೆ. ಹಾಡಿನಲ್ಲಿ ಅಂಗಿ, ಕಲೆ ಮೊದಲು ಬಂದು ಕೂತ ಮೇಲೆ ‘ಮನಸು’ ಅನ್ನುವ ಪದಕ್ಕೂ ತೂಕ ಬರುತ್ತೆ.

ಚರಣದಲ್ಲಿ ಮೊದಲನೆಯದು ಹೆಚ್ಚು ಕಮ್ಮಿ ಕಂಡದ್ದು:

ರಾತ್ರಿಯ ಬಸ್ಸಿನ ಕಿಟಕಿಯ ಹೊರಗೆ
ಚೀಲವ ತುರುಕುವ ಅಮ್ಮನ ಕೈ
ಪೇಪರು ಸುತ್ತಿದ ಬಾಟಲಿ ಒಳಗೆ
ಹದಿನೆಂಟೇ ಮಿಡಿ, ಎಣಿಸಿದ ಕೈ

ಹದಿನೆಂಟು ಅನ್ನುವುದು ನಿಜ. ದಿನಕ್ಕೊಂದು ತಿನ್ನು, ಅಷ್ಟರಲ್ಲಿ ಊರಿಗೆ ಬರ್ತೀಯಲ್ಲ ಅಂದಿದ್ದರು. ಸಂಖ್ಯೆ ಇದ್ದರೆ ಬಿಡಬೇಡಿ. ‘ಕೆಲವು ಮಿಡಿ’ ಅಂದಿದ್ದರೆ ಆ ಕೈ ಎಣಿಸುತ್ತಿರಲಿಲ್ಲ.

ಎರಡನೆಯ ಚರಣ ಪೂರ್ತಿ ಕಾಣದ್ದು, ಬಸ್ಸು ಹೋದ ಮೇಲಿನದು:

ಬಸ್ಸಿನ ಹಿಂದಿನ ಕೆಂಪಿನ ದೀಪ
ತಿರುವಲಿ ಆರಿದ ಮೇಲೂ ನಿಂತು
ಅಡುಗೆಯ ಮನೆಯಲಿ ಜಾಡಿಯ ತೆರೆದು
ಉಳಿದವನೆಣಿಸಿದಳೇನೋ ಅಂದು

‘ಏನೋ’ ಅಂತ ಇಟ್ಟಿದ್ದು ಬೇಕಂತಲೇ. ನನಗೆ ಗೊತ್ತಿಲ್ಲ ಅನ್ನುವುದೂ ಹಾಡಿನಲ್ಲಿ ಇರಲಿ ಅಂತ. ಕಲ್ಪನೆಯನ್ನು ಕಲ್ಪನೆ ಅಂತಲೇ ಒಪ್ಪಿಕೊಂಡು ಹಾಡಬಹುದು, ಕೆಲವು ಸಲ ಅದೇ ಹೆಚ್ಚು ತಟ್ಟುತ್ತೆ.

ಟ್ಯೂನ್ ಮೊದಲೇ ಇದ್ದು ಅದಕ್ಕೆ ಬರೆಯಬೇಕಾದರೂ, ಸಿನಿಮಾದಲ್ಲಿ ಈಗ ಬಹಳ ಮಟ್ಟಿಗೆ ಹಾಗೇ ನಡೆಯುವುದು, ಇದೇ ಕ್ರಮ. ಒಂದು ವ್ಯತ್ಯಾಸ ಅಷ್ಟೇ. ಮೊದಲು ‘ತಾನನ ತಾನನ’ ಅಂತ ಟ್ಯೂನನ್ನು ಬರೆದುಕೊಳ್ಳಿ, ಎಳೆಯುವ ಜಾಗಕ್ಕೆ ದೀರ್ಘ ಸ್ವರ ಇರುವ ಪದ ಇಡಿ. ವಸ್ತುವಿನ ಹೆಸರು ಅಂಥ ಜಾಗದಲ್ಲಿ ಬಿದ್ದರೆ ಅರ್ಧ ಕೆಲಸ ಆದ ಹಾಗೆ.

ಹಂತ 7: ಎಲ್ಲಿ ಸುಳ್ಳು ಹೇಳಬಹುದು

ಅಂಗಿಯ ಹಾಡಿನಲ್ಲಿ ನಾನು ಎರಡು ಸುಳ್ಳು ಹೇಳಿದ್ದೇನೆ. ನಿಜದಲ್ಲಿ ಕಲೆ ಎರಡು ತಿಂಗಳಲ್ಲಿ ಹೋಯಿತು. ನಿಜದಲ್ಲಿ ಬಸ್ಸಿಗೆ ಚೀಲ ತುರುಕಿದ್ದು ಅಪ್ಪ, ಅಮ್ಮ ಪಕ್ಕದಲ್ಲಿ ನಿಂತಿದ್ದರು. ಮೂರು ನಿಮಿಷದ ಹಾಡಿನಲ್ಲಿ ಎರಡು ಜೊತೆ ಕೈ ಹಿಡಿಸಲಿಲ್ಲ, ಹಾಗಾಗಿ ಅಪ್ಪನನ್ನು ತೆಗೆದೆ. ಅದಕ್ಕೆ ಬೇಸರ ಇದೆ. ಅಪ್ಪನಿಗೆ ಬೇರೆಯದೇ ಹಾಡು ಬರೆಯಬೇಕು.

ಘಟನೆ ಬದಲಿಸಬಹುದು, ಜನ ಸೇರಿಸಬಹುದು ತೆಗೆಯಬಹುದು, ಹಗಲನ್ನು ರಾತ್ರಿ ಮಾಡಬಹುದು. ಭಾವ ಬದಲಿಸಬಾರದು. ನಾನು ಸಿಟ್ಟಾಗಿದ್ದೆ, ಬೈದಿದ್ದೆ. ಅದನ್ನು ಮುಚ್ಚಿಟ್ಟು, ಕಲೆ ನೋಡಿದ ತಕ್ಷಣ ಅಮ್ಮನನ್ನು ನೆನೆದು ಕಣ್ಣೀರಿಟ್ಟೆ ಅಂತ ಬರೆದಿದ್ದರೆ ಅದು ಮೋಸ. ಮೂರನೆಯ ಚರಣದಲ್ಲಿ ಬೈಗುಳ ಹಾಗೇ ಇದೆ. ಅದನ್ನು ಹಾಡುವಾಗ ಇವತ್ತಿಗೂ ಗಂಟಲು ಬಿಗಿಯುತ್ತೆ.

ಬೇರೆಯವರ ಬದುಕನ್ನು ಮುಟ್ಟುವಾಗ ಇನ್ನೂ ಎಚ್ಚರ ಬೇಕು. ಒಮ್ಮೆ ನಮ್ಮ ಬಂಧುಗಳೊಬ್ಬರ ಮನೆಯ ಜಗಳವನ್ನು ಹಾಡು ಮಾಡಿದೆ. ಹೆಸರು ಹಾಕಿರಲಿಲ್ಲ, ಆದರೆ ಅವರ ಮನೆಯ ನೀಲಿ ಬಾಗಿಲು ಹಾಕಿದ್ದೆ. ಒಂದು ಮದುವೆಯ ಹಿಂದಿನ ರಾತ್ರಿ ಎಲ್ಲರ ಎದುರು ಹಾಡಿದೆ. ಅವರು ಎದ್ದು ಒಳಗೆ ಹೋದರು. ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ, ಅವರು ಮಾಡಿದ್ದು ಸರಿ. ಆ ಹಾಡನ್ನು ಹರಿದುಹಾಕಿದೆ. ಈಗ ನಾನು ಊರು, ಸಂಬಂಧ, ಕೆಲಸ ಮೂರನ್ನೂ ಬದಲಿಸದೆ ಬೇರೆಯವರ ಗುಟ್ಟನ್ನು ಮುಟ್ಟುವುದಿಲ್ಲ. ಬದಲಿಸಿದರೂ ಅವರಿಗೆ ಗೊತ್ತಾಗುತ್ತೆ ಅನ್ನಿಸಿದರೆ ಮೊದಲು ಹೋಗಿ ಕೇಳುತ್ತೇನೆ.

ಹಂತ 8: ಮುಗಿಯಿತು ಅನ್ನುವ ಮೊದಲು

ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಕೇಳಿ: ಈ ಸಾಲನ್ನು ಎತ್ತಿ ಬೇರೆ ಯಾವುದಾದರೂ ಹಾಡಿನಲ್ಲಿ ಇಟ್ಟರೆ ಹೊಂದುತ್ತಾ? ಆರಾಮಾಗಿ ಹೊಂದುತ್ತೆ ಅಂದರೆ ಅದು ನಿಮ್ಮದಲ್ಲ. ಇಡೀ ಹಾಡಿನಲ್ಲಿ ಅಂಥವು ಒಂದೆರಡು ಇರಲಿ ಪರವಾಗಿಲ್ಲ, ಕೇಳುವವರಿಗೂ ಸುಧಾರಿಸಿಕೊಳ್ಳಲು ಜಾಗ ಬೇಕಲ್ಲ. ಪಲ್ಲವಿಯಲ್ಲಿ ಮಾತ್ರ ಬೇಡ.

ಆಮೇ​ಲೆ ಫೋನಲ್ಲಿ ರೆಕಾರ್ಡ್ ಮಾಡಿ, ಎರಡು ದಿನ ಬಿಟ್ಟು ಕೇಳಿ. ನಾಲಿಗೆ ಎಲ್ಲಿ ತೊಡರಿತೋ ಅಲ್ಲಿ ಪದ ಬದಲಿಸಿ. ಆಮೇಲೆ ಆ ವಿಷಯ ಗೊತ್ತಿರುವ ಒಬ್ಬರಿಗೆ ಹಾಡಿ. ಸಂಗೀತ ಗೊತ್ತಿರುವವರಿಗಲ್ಲ, ವಿಷಯ ಗೊತ್ತಿರುವವರಿಗೆ. ಹೂವಿನ ಹಾಡನ್ನು ನಾನು ಆ ಹೂವಿನ ಅಮ್ಮನಿಗೇ ಹಾಡಿದೆ. ಎರಡನೆಯ ಚರಣದಲ್ಲಿ ನಾನು ಬಾಡಿದ ಹೂವನ್ನು ಮೋರಿಗೆ ಎಸೆಸಿದ್ದೆ. ‘ಮೋರಿಗೆ ಯಾರಪ್ಪ ಹಾಕ್ತಾರೆ ಹೂವನ್ನ, ಹಸು ತಿನ್ನುತ್ತೆ’ ಅಂದರು. ಬದಲಿಸಿದೆ, ಹಾಡು ಎದ್ದು ನಿಂತಿತು.

ಅಂಗಿಯ ಹಾಡನ್ನು ಅಮ್ಮನಿಗೆ ಹಾಡಲು ಮಾತ್ರ ಧೈರ್ಯ ಬರಲಿಲ್ಲ. ಕೊನೆಗೆ ಊರಿಗೆ ಹೋದಾಗ, ಅಮ್ಮ ತರಕಾರಿ ಹೆಚ್ಚುತ್ತಾ ಕೂತಿದ್ದಾಗ, ಪಕ್ಕದಲ್ಲಿ ಕೂತು ಮೆಲ್ಲಗೆ ಹಾಡಿದೆ. ಬೈಗುಳದ ಚರಣಕ್ಕೆ ಏನೂ ಅನ್ನಲಿಲ್ಲ. ಹಾಡು ಮುಗಿದ ಮೇಲೆ ಎರಡನೆಯ ಚರಣದ ಬಗ್ಗೆ ಕೇಳಿದರು.

‘ಉಳಿದದ್ದನ್ನ ಎಣಿಸಿದೆ ಅಂತ ಯಾಕೆ ಬರೆದೆ?’

‘ಸುಮ್ನೆ, ಕಲ್ಪನೆ ಅಮ್ಮ.’

‘ಎಣಿಸೋಕೆ ಏನಿತ್ತು ಮಾರಾಯ? ಆ ವರ್ಷ ಮಿಡಿಯೇ ಬಿಟ್ಟಿರಲಿಲ್ಲ. ಇದ್ದಿದ್ದೇ ಹದಿನೆಂಟು. ಎಲ್ಲ ನಿನ್ನ ಬಾಟಲಿಗೆ ಹಾಕಿ, ಬಸ್ ಸ್ಟ್ಯಾಂಡಿಂದ ಬಂದು ಜಾಡಿ ತೊಳೆದು ಬೋರಲು ಹಾಕಿದೆ.’

ಅಷ್ಟು ಹೇಳಿ ಮತ್ತೆ ಹೆಚ್ಚಲು ಶುರು ಮಾಡಿದರು. ನಾನು ತಪ್ಪಾಗಿ ಊಹಿಸಿ ಆ ಸಾಲು ಬರೆಯದೇ ಇದ್ದಿದ್ದರೆ ಈ ಮಾತು ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಅವತ್ತು ರಾತ್ರಿ ಚರಣದ ಕೊನೆಯ ಎರಡು ಸಾಲು ಹೊಡೆದುಹಾಕಿ ಹೀಗೆ ಬರೆದೆ. ಈಗ ಹಾಡುವುದು ಹೀಗೇ:

ಅಡುಗೆಯ ಮನೆಯಲಿ ಒಬ್ಬಳೆ ಕೂತು
ಖಾಲಿಯ ಜಾಡಿಯ ತೊಳೆದಳು ಅಂದು